ಬಾರಕೂರಿನ ಕತ್ತಲೆ ಬಸದಿಗೆ ಹೊರಟಿದ್ದೀರಾ? ಕ್ಯಾಮೆರಾ ಜೊತೆ ಒಂದು ಟಾರ್ಚೂ ಇರಲಿ

ಉಡುಪಿಗೆ ಬಂದವರು ಸಾಮಾನ್ಯವಾಗಿ ಕೃಷ್ಣ ಮಠ ನೋಡಿ, ಸಂಜೆ ಮಲ್ಪೆಯಲ್ಲಿ ಕಾಲು ಒದ್ದೆ ಮಾಡಿಕೊಂಡು ಊರಿಗೆ ಹೊರಡುತ್ತಾರೆ. ಹಳೇ ಗುಡಿ, ಹಳೇ ಕಲ್ಲಿನ ಫೋಟೋ ತೆಗೆಯುವ ಆಸೆ ಇದ್ದವರು ಇನ್ನೊಂದು ದಿನ ಉಳಿದು ಬಾರಕೂರಿಗೆ ಹೋಗಿ. ಸುಮಾರು 16 ಕಿ.ಮೀ. ದಾರಿ. ಹೆದ್ದಾರಿಯಲ್ಲಿ ಬ್ರಹ್ಮಾವರದ ತನಕ ಹೋಗಿ ಅಲ್ಲಿಂದ ಒಳಗೆ ತಿರುಗಬೇಕು. ಬಸ್ಸು ಸಿಗುತ್ತದೆ. ತಿಂಡಿ ಬ್ರಹ್ಮಾವರದಲ್ಲೇ ಮುಗಿಸಿ, ಬಿಸಿ ಬನ್ಸ್ ಇದ್ದರೆ ಬಿಡಬೇಡಿ.

ಬಾರಕೂರು ಈಗ ಸಣ್ಣ ಊರು. ಆದರೆ ತುಳುನಾಡನ್ನು ಆಳಿದ ಆಳುಪ ಅರಸರಿಗೆ ಮಂಗಳೂರು, ಉದ್ಯಾವರಗಳಂತೆ ಇದೂ ರಾಜಧಾನಿಯಾಗಿತ್ತು. ಹೊಯ್ಸಳ ಮೂರನೇ ಬಲ್ಲಾಳನ ರಾಣಿ ಚಿಕ್ಕಾಯಿತಾಯಿ ಇದೇ ಆಳುಪರ ಮನೆಯ ಹೆಣ್ಣುಮಗಳು. ವಿಜಯನಗರದ ಕಾಲಕ್ಕೆ ಬಾರಕೂರು ರಾಜ್ಯ ಅಂತಲೇ ಒಂದು ಪ್ರಾಂತ್ಯ ಇತ್ತು. ದಿನಕ್ಕೊಂದರಂತೆ 365 ದೇವಸ್ಥಾನ ಇದ್ದವು ಅಂತ ಊರವರು ಹೇಳುತ್ತಾರೆ. ಗದ್ದೆ ಬದಿಯಲ್ಲಿ, ತೋಟದ ಮಧ್ಯೆ ಕೆತ್ತಿದ ಕಲ್ಲು ಕಂಡಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತದೆ.

ನಾನು ಅಕ್ಕನ ಮಗಳ ಜೊತೆ ಹೋದದ್ದು ಅಕ್ಟೋಬರ್ ಮೊದಲ ವಾರ. ನನ್ನ ಲೆಕ್ಕದಲ್ಲಿ ಅದೇ ಒಳ್ಳೆ ಸಮಯ. ಮಳೆ ಕಡಿಮೆಯಾಗಿರುತ್ತದೆ, ಹುಲ್ಲು ಇನ್ನೂ ಹಸಿರಾಗಿರುತ್ತದೆ, ಮುರಕಲ್ಲು ಒದ್ದೆಯಾಗಿ ಗಾಢ ಕೆಂಪು ಕಾಣುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಎಲ್ಲ ಒಣಗಿ ಬೂದಿ ಬಣ್ಣ. ಆದರೆ ಮಳೆ ಮುಗಿದ ಹೊಸತರಲ್ಲಿ ಕಲ್ಲಿನ ಮೇಲೆ ಹಾವಸೆ ಇರುತ್ತದೆ, ಕಾಲು ಜಾರುತ್ತದೆ. ವ್ಯೂಫೈಂಡರ್‌ಗೆ ಕಣ್ಣಿಟ್ಟುಕೊಂಡು ಹಿಂದೆ ಹಿಂದೆ ನಡೆಯಬೇಡಿ.

ಒಂದು ತಪ್ಪು ನಾನು ಮಾಡಿದೆ. ಕಾರಿನ ಎಸಿಯಲ್ಲಿ ತಣ್ಣಗಾಗಿದ್ದ ಕ್ಯಾಮೆರಾವನ್ನು ಇಳಿದ ಕೂಡಲೇ ಹೊರಗೆ ತೆಗೆದೆ. ಕರಾವಳಿಯ ಸೆಕೆಗೆ ಲೆನ್ಸ್ ತುಂಬ ಮಂಜು. ಬೆಳಗಿನ ಚೆಂದದ ಬೆಳಕು ಕಾಯುವುದರಲ್ಲೇ ಹೋಯಿತು. ಊರು ಹತ್ತಿರ ಬರುವಾಗಲೇ ಎಸಿ ಆರಿಸಿ ಕಿಟಕಿ ತೆರೆದಿಡಿ.

ಕತ್ತಲೆ ಬಸದಿ ಅಂದರೆ ಒಂದೇ ಕಟ್ಟಡ ಅಲ್ಲ, ಗುಡಿ, ಮಂಟಪಗಳ ಗುಂಪು. ಒಳಗೆ ಪೂಜೆ ಇಲ್ಲ. ಕರಾವಳಿಯ ಮಳೆಗೆ ತಕ್ಕ ಹಾಗೆ ಮಾಡಿನ ಕಲ್ಲಿನ ಹಲಗೆಗಳನ್ನು ಇಳಿಜಾರಾಗಿ ಹೊದಿಸಿದ್ದಾರೆ. ಹೊರಗೆ ಬಿಸಿಲು ಚುರುಕು, ಒಳಗೆ ಹೆಸರಿಗೆ ತಕ್ಕ ಕತ್ತಲೆ. ಎರಡೂ ಒಂದೇ ಚಿತ್ರದಲ್ಲಿ ಬೇಕೆಂದರೆ ಮೊಬೈಲ್ ಸೋಲುತ್ತದೆ. ಹಾಗಾಗಿ ಒಂಬತ್ತು ಗಂಟೆಯೊಳಗೆ, ಇಲ್ಲವೇ ಸಂಜೆ ನಾಲ್ಕೂವರೆ ನಂತರ ಹೋಗಿ. ಓರೆ ಬಿಸಿಲು ಕಂಬಗಳ ನಡುವೆ ನುಗ್ಗಿ ಬಂದಾಗ ಕೆತ್ತನೆ ಎದ್ದು ಕಾಣುತ್ತದೆ. ಮೊಬೈಲ್‌ನಲ್ಲಿ ಬೆಳಕು ಬಿದ್ದ ಕಲ್ಲಿನ ಮೇಲೆ ಬೆರಳಿಟ್ಟು ಫೋಕಸ್ ಮಾಡಿ, ಬ್ರೈಟ್‌ನೆಸ್ ಸ್ವಲ್ಪ ಇಳಿಸಿ. ನೆರಳು ಕಪ್ಪಾದರೆ ಆಗಲಿ.

ಟಾರ್ಚ್ ಬೇಕಾಗುವುದು ಶಾಸನಕ್ಕೆ. ಒಂದು ಶಾಸನದ ಕಲ್ಲು ಮೊದಲ ನೋಟಕ್ಕೆ ಬರೀ ಸವೆದ ಹಲಗೆಯಂತಿತ್ತು. ಎದುರಿನಿಂದ ಫ್ಲಾಶ್ ಹೊಡೆದರೆ ಇನ್ನೂ ಬೋಳಾಯಿತು. ಆಮೇಲೆ ಅಕ್ಕನ ಮಗಳು ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ತಂದು, ಬೆಳಕು ಕಲ್ಲಿನ ಮೈ ಸವರಿಕೊಂಡು ಹೋಗುವ ಹಾಗೆ ಹಿಡಿದಳು. ಒಂದೊಂದೇ ಗೀರಿನಲ್ಲಿ ನೆರಳು ತುಂಬಿತು. ಮೇಲೆ ಸೂರ್ಯ, ಚಂದ್ರ. ಕೆಳಗೆ ಸಾಲು ಸಾಲು ಅಕ್ಷರ. ನಮಗೆ ಓದಲು ಬಂದದ್ದು ಒಂದೇ, ‘ಶ್ರೀ’. ಇಬ್ಬರೂ ಸುಮ್ನೆ ನೋಡ್ತಾ ಕೂತೆವು. ಎಡ, ಬಲ, ಮೇಲೆ, ಕೆಳಗೆ ನಾಲ್ಕೂ ಕಡೆಯಿಂದ ಬೆಳಕು ಬಿಟ್ಟು ಒಂದೊಂದು ಫೋಟೋ ತೆಗೆಯಿರಿ. ಬೆಳಕು ಬರುವ ದಿಕ್ಕಿನಲ್ಲೇ ಇರುವ ಗೀರು ಕಾಣುವುದಿಲ್ಲ, ಇನ್ನೊಂದು ಕಡೆಯಿಂದ ಹಿಡಿದಾಗ ಕಾಣುತ್ತದೆ.

ದಯವಿಟ್ಟು ಅಕ್ಷರ ಕಾಣಲಿ ಅಂತ ಸೀಮೆಸುಣ್ಣ ತಿಕ್ಕಬೇಡಿ, ಎಣ್ಣೆ ಹಚ್ಚಬೇಡಿ. ಅಲ್ಲೇ ಒಂದು ಕಲ್ಲಿನ ಮೇಲೆ ಯಾರೋ ತಿಕ್ಕಿದ ಬಿಳಿ ಹಾಗೇ ಇತ್ತು, ನೋಡಿ ಸಂಕಟವಾಯಿತು. ನೂರಾರು ವರ್ಷದ ಮಳೆ ತಡೆದುಕೊಂಡ ಕಲ್ಲು ಅದು, ಅಲ್ವಾ? ಮುರಿದ ವಿಗ್ರಹಗಳನ್ನು ಫೋಟೋಗೋಸ್ಕರ ಅತ್ತಿತ್ತ ಸರಿಸುವುದೂ ಬೇಡ. ಇದು ಸಂರಕ್ಷಿತ ಸ್ಮಾರಕ. ಟ್ರೈಪಾಡ್, ಡ್ರೋನ್ ಬೇಕಿದ್ದರೆ ಮೊದಲೇ ಅನುಮತಿ ಕೇಳಿಕೊಳ್ಳಿ.

ಸಮಯ ಉಳಿದರೆ ಕೋಟೆಕೇರಿಯ ಪಂಚಲಿಂಗೇಶ್ವರ ದೇವಸ್ಥಾನಕ್ಕೆ ಹೋಗಿ. ಅಲ್ಲಿ ಪೂಜೆ ನಡೆಯುತ್ತದೆ, ಕ್ಯಾಮೆರಾ ತೆಗೆಯುವ ಮೊದಲು ಭಟ್ಟರನ್ನು ಕೇಳಿ. ಗರ್ಭಗುಡಿಯ ಹಿಂಭಾಗ ಆನೆಯ ಬೆನ್ನಿನಂತೆ ದುಂಡಗಿದೆ, ಅದನ್ನು ಹೊರಗಿನಿಂದ ಸುತ್ತು ಹಾಕಿ ನೋಡಲೇಬೇಕು.

ಬಾರಕೂರಿನ ಹಳೇ ಕೋಟೆ ನೋಡಲು ನಮಗೆ ಆಗಲಿಲ್ಲ. ಶಾಸನದ ಮುಂದೆಯೇ ಒಂದೂವರೆ ಗಂಟೆ ಕಳೆದಿತ್ತು, ಟಾರ್ಚಿನ ಬ್ಯಾಟರಿ ಇಳಿದಿತ್ತು. ನೀವು ಹೋಗುವಾಗ ಎರಡು ಜೊತೆ ಸೆಲ್ ಜಾಸ್ತಿ ಇಟ್ಟುಕೊಳ್ಳಿ.