ವಿಎಂ ಮೇಲ್ ಸರ್ವರ್ ಲಾಗ್: 2 ಜಿಬಿ ರ‍್ಯಾಮ್ ಎಲ್ಲಿ ಹೋಯಿತು?

ಶನಿವಾರ ರಾತ್ರಿ

ಮೇಲ್ ಸರ್ವರ್ ಮತ್ತೆ ಕೈಕೊಟ್ಟಿದೆ. ಡೆಬಿಯನ್ ಲಿನಕ್ಸ್ ಹಾಕಿರುವ ಒಂದು ವಿಎಂ, ಅಂದರೆ ನಿಜವಾದ ಯಂತ್ರದೊಳಗೆ (ಹೋಸ್ಟ್) ಸಾಫ್ಟ್‌ವೇರ್ ಆಗಿ ಓಡುವ ಕಂಪ್ಯೂಟರ್ (ಗೆಸ್ಟ್). ಅದರೊಳಗೆ ಮೇಲ್ ಪಡೆದು ಕಳಿಸಲು ಪೋಸ್ಟ್‌ಫಿಕ್ಸ್, ಬಂದ ಮೇಲ್ ತೆರೆದು ಓದಲು ಡವ್‌ಕಾಟ್, ವೈರಸ್ ತಪಾಸಣೆಗೆ ಕ್ಲಾಮ್‌ಎವಿ. ಹಳೆಯ ಮೇಲ್‌ಗಳೆಲ್ಲ ತೆರೆಯುತ್ತವೆ, ಹೊಸದು ಒಂದೂ ಒಳಗೆ ಬರುತ್ತಿಲ್ಲ. ರೀಬೂಟ್ ಮಾಡಿದರೆ ಸರಿಹೋಗುತ್ತದೆ, ಕೆಲವು ದಿನ ಕಳೆದ ಮೇಲೆ ಮತ್ತೆ ಅದೇ ಕತೆ. ಈ ಸಲ ರೀಬೂಟ್ ಬೇಡ ಅಂತ ತೀರ್ಮಾನಿಸಿದೆ. ಮಾಡಿದರೆ ಈಗಿನ ಸ್ಥಿತಿಯೇ ಅಳಿಸಿಹೋಗುತ್ತದೆ, ಅಲ್ವಾ?

ಮೇಲ್ ಲಾಗ್‌ನಲ್ಲಿ ಒಳಬರುವ ಪ್ರತಿ ಸಂಪರ್ಕಕ್ಕೂ ಒಂದೇ ಉತ್ತರ: ‘451 4.7.1 ಸರ್ವಿಸ್ ಅನ್‌ಅವೈಲಬಲ್ - ಟ್ರೈ ಅಗೇನ್ ಲೇಟರ್’. ನನ್ನ ಮೊದಲ ಅನುಮಾನ ಡಿಸ್ಕ್ ತುಂಬಿರಬಹುದು ಅಂತ. ಆದರೆ ಕ್ಯೂ ಇರುವ ಡಿಸ್ಕ್‌ನಲ್ಲಿ ಜಾಗ ಸಾಲದಿದ್ದರೆ ಪೋಸ್ಟ್‌ಫಿಕ್ಸ್ ಕೊಡುವ ಕೋಡ್ 452 4.3.1. ಇಲ್ಲಿ ಬಂದಿರುವುದು 451. ಕೊನೆಯ ಅಂಕಿಯ ವ್ಯತ್ಯಾಸ ಅಷ್ಟೇ, ಆದರೆ ಹುಡುಕುವ ದಿಕ್ಕೇ ಬದಲಾಗುತ್ತದೆ. 451 4.7.1 ಬಂದರೆ ಮೊದಲು ಮಿಲ್ಟರ್ ಕಡೆ, ಅಂದರೆ ಪೋಸ್ಟ್‌ಫಿಕ್ಸ್ ಮೇಲನ್ನು ತಪಾಸಣೆಗೆ ಒಪ್ಪಿಸುವ ಫಿಲ್ಟರ್ ಕಡೆ ನೋಡಬೇಕು. ಪೋಸ್ಟ್‌ಫಿಕ್ಸ್ ಬದುಕಿಯೇ ಇದೆ, ತಪಾಸಣೆ ಮಾಡುವವರು ಇಲ್ಲ ಅಂತ ಯಾರನ್ನೂ ಒಳಗೆ ಬಿಡುತ್ತಿಲ್ಲ.

ಯಾವ ಸೇವೆ ಓಡುತ್ತಿದೆ ಅಂತ ‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್’ ಕೊಟ್ಟು ನೋಡಿದೆ. ಕ್ಲಾಮ್‌ಎವಿಯ ತಪಾಸಣೆ ಸೇವೆಯಾದ ಕ್ಲಾಮ್‌ಡಿ ಸತ್ತಿತ್ತು, ಕಾರಣದ ಜಾಗದಲ್ಲಿ ‘ಊಮ್-ಕಿಲ್’ (ಮೆಮೊರಿ ಮುಗಿದಾಗ ಕರ್ನಲ್ ಪ್ರೋಗ್ರಾಂ ಕೊಲ್ಲುವುದು) ಅಂತ ಇತ್ತು. ಲಿನಕ್ಸ್‌ನ ತಿರುಳಾದ ಈ ಕರ್ನಲ್‌ನ ಲಾಗ್‌ನಲ್ಲೂ ‘ಔಟ್ ಆಫ್ ಮೆಮೊರಿ’ ಅನ್ನುವ ಸಾಲು, ಅದರ ಪಕ್ಕದಲ್ಲೇ ಕ್ಲಾಮ್‌ಡಿಯ ಹೆಸರು.

ನಾನು ಈ ವಿಎಂಗೆ ಕೊಟ್ಟಿರುವುದು 4 ಜಿಬಿ. ವೈರಸ್ ಗುರುತಿಸುವ ಮಾದರಿಗಳನ್ನೆಲ್ಲ (ಸಿಗ್ನೇಚರ್) ರ‍್ಯಾಮ್‌ನಲ್ಲೇ ಇಟ್ಟುಕೊಳ್ಳುವ ಕ್ಲಾಮ್‌ಡಿಗೆ 1 ಜಿಬಿಗಿಂತ ಸ್ವಲ್ಪ ಜಾಸ್ತಿ ಬೇಕು. ಲೆಕ್ಕ ಕೂಡುತ್ತಿಲ್ಲ.

ಸದ್ಯಕ್ಕೆ ಕ್ಲಾಮ್‌ಡಿ ಮಾತ್ರ ಮತ್ತೆ ಶುರು ಮಾಡಿದೆ. 4ರಿಂದ ಶುರುವಾಗುವ ಕೋಡ್ ತಾತ್ಕಾಲಿಕ ತಿರಸ್ಕಾರ, ಹಾಗಾಗಿ ಕಳಿಸಿದವರ ಸರ್ವರ್ ಮೇಲನ್ನು ತನ್ನ ಬಳಿಯೇ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕನಿಷ್ಠ 4–5 ದಿನ ಕೈಬಿಡಬಾರದು ಅನ್ನುತ್ತದೆ ಮೇಲ್ ಸಾಗಣೆಯ ನಿಯಮಗಳಿರುವ ದಾಖಲೆ ಆರ್‌ಎಫ್‌ಸಿ 5321. ನಿಂತಿದ್ದ ಮೇಲ್‌ಗಳು ಒಂದೊಂದಾಗಿ ಬರತೊಡಗಿದವು. ಈ ಹಳೆಯ ಪ್ರೊಟೊಕಾಲ್ ಮೇಲೆ ನನಗಿರುವ ಗೌರವ ಸುಮ್ನೆ ಬಂದದ್ದಲ್ಲ.

ಭಾನುವಾರ

ಹಿಂದಿನ ಸಲ ನಿಂತ ಸಮಯಗಳನ್ನೆಲ್ಲ ಲಾಗ್‌ನಿಂದ ಹೆಕ್ಕಿ ತೆಗೆದೆ. ಪ್ರತಿ ಸಲವೂ ಸ್ವಲ್ಪ ಮುಂಚೆ ಕ್ಲಾಮ್‌ಎವಿಯ ಅಪ್‌ಡೇಟ್ ಪ್ರೋಗ್ರಾಂ ಫ್ರೆಶ್‌ಕ್ಲಾಮ್ ಹೊಸ ಸಿಗ್ನೇಚರ್ ಇಳಿಸಿ, ಕ್ಲಾಮ್‌ಡಿಗೆ ಸುದ್ದಿ ಮುಟ್ಟಿಸಿದೆ. 2020ರಲ್ಲಿ ಬಂದ 0.103 ಆವೃತ್ತಿಯಿಂದ ಕ್ಲಾಮ್‌ಡಿ ಹಳೆಯ ಸಿಗ್ನೇಚರ್ ಇಟ್ಟುಕೊಂಡೇ ಹೊಸದನ್ನು ಲೋಡ್ ಮಾಡುತ್ತದೆ. ತಪಾಸಣೆ ನಿಲ್ಲಬಾರದು ಅಂತ ಹೀಗೆ. ಅಷ್ಟು ಹೊತ್ತು ಮೆಮೊರಿ ಬಳಕೆ ಹೆಚ್ಚುಕಡಿಮೆ ಎರಡು ಪಟ್ಟು.

ಆದರೂ 4 ಜಿಬಿಯಲ್ಲಿ ಹಿಡಿಸಬೇಕು. ಅದೂ ಅಲ್ಲದೆ ಅಪ್‌ಡೇಟ್ ದಿನಾ ಬರುತ್ತದೆ, ಸರ್ವರ್ ದಿನಾ ಬೀಳುವುದಿಲ್ಲ. ಇನ್ನೂ ಏನೋ ಇದೆ.

ಮೆಮೊರಿ ಲೆಕ್ಕ ತೋರಿಸುವ ‘ಫ್ರೀ -ಎಚ್’ ಕೊಟ್ಟಾಗ ನಮ್ಮ ಕಣ್ಣು ಸಾಮಾನ್ಯವಾಗಿ ಎಷ್ಟು ಬಳಕೆಯಾಗಿದೆ, ಎಷ್ಟು ಉಳಿದಿದೆ ಅನ್ನುವ ಕಡೆಗೇ ಹೋಗುತ್ತದೆ. ಇವತ್ತು ಎಡತುದಿಯ ‘ಟೋಟಲ್’ ಕಾಲಂ ನೋಡಿದೆ. ಅಲ್ಲಿ 4ರ ಹತ್ತಿರ ಇರಬೇಕಿತ್ತು. ಇದ್ದದ್ದು ಸುಮಾರು 2!

ಬಲೂನ್ ಡ್ರೈವರ್. ಹೋಸ್ಟ್‌ನಲ್ಲಿ ರ‍್ಯಾಮ್ ಸಾಲದಾದಾಗ ವಿಎಂ ಒಳಗಿನ ಈ ಡ್ರೈವರ್ ತಾನೇ ಮೆಮೊರಿ ಹಿಡಿದು, ಅದನ್ನು ಹೋಸ್ಟ್‌ಗೆ ಬಿಟ್ಟುಕೊಡುತ್ತದೆ. ಗೆಸ್ಟ್ ಕರ್ನಲ್‌ಗೆ ಅಷ್ಟು ರ‍್ಯಾಮ್ ಇಲ್ಲವೇ ಇಲ್ಲ ಅನ್ನಿಸುತ್ತದೆ. ಈ ವಿಎಂಗೆ ಗರಿಷ್ಠ 4 ಜಿಬಿ, ಕನಿಷ್ಠ 2 ಜಿಬಿ ಅಂತ ಸೆಟ್ಟಿಂಗ್ ಇದೆ. ಒಳಗೆ ಮೆಮೊರಿ ಮುಗಿದರೂ ಬಲೂನ್ ತಾನಾಗಿ ಕುಗ್ಗುವುದಿಲ್ಲ. ಊಮ್ ಹೊತ್ತಿನಲ್ಲಿ ಕುಗ್ಗಿಸುವ ಆಯ್ಕೆ ವಿಎಂ ಓಡಿಸುವ ಸಾಫ್ಟ್‌ವೇರ್ ಕ್ಯೂಇಎಂಯುನಲ್ಲಿದೆ, ಆದರೆ ಡೀಫಾಲ್ಟ್ ಆಗಿ ಆಫ್. ಪಕ್ಕದ ವಿಎಂಗಳಲ್ಲಿ ಭಾರಿ ಕೆಲಸ ನಡೆಯುತ್ತಿರಬೇಕು, ಅದೇ ಹೊತ್ತಿಗೆ ಸಿಗ್ನೇಚರ್ ರೀಲೋಡ್ ಆಗಬೇಕು. ಎರಡೂ ಒಟ್ಟಿಗೆ ಬಂದ ದಿನ ಮಾತ್ರ ಸರ್ವರ್ ಬೀಳುತ್ತಿತ್ತು. ಬರೀ ಗೆಸ್ಟ್ ಒಳಗೆ ಹುಡುಕಿದರೆ ಇದರ ಅರ್ಧ ಕಾರಣ ಎಂದೂ ಸಿಗುತ್ತಿರಲಿಲ್ಲ.

ಮಂಗಳವಾರ

ಬಲೂನ್ ತೆಗೆದು 4 ಜಿಬಿ ಖಾಯಂ ಮಾಡಿದೆ. ಮೇಲ್ ಸರ್ವರ್‌ನಂಥ ಸದಾ ಓಡುವ ಯಂತ್ರಕ್ಕೆ ಇದೇ ಸರಿ ಅಂತ ನನಗನ್ನಿಸುತ್ತದೆ. ಮೆಮೊರಿ ಸಾಲದಾದಾಗ ಡಿಸ್ಕ್ ಬಳಸಿಕೊಳ್ಳಲಿ ಅಂತ 2 ಜಿಬಿ ಸ್ವ್ಯಾಪ್ ಫೈಲ್ ಸೇರಿಸಿದೆ. ಕ್ಲಾಮ್‌ಡಿ ಕಾನ್ಫಿಗ್‌ನಲ್ಲಿ ‘ಕನ್‌ಕರೆಂಟ್ ಡೇಟಾಬೇಸ್ ರೀಲೋಡ್’ ಅನ್ನು ‘ನೋ’ ಮಾಡಿದೆ. ಇದರಿಂದ ರೀಲೋಡ್ ಆಗುವಷ್ಟು ಹೊತ್ತು ತಪಾಸಣೆ ಕಾಯುತ್ತದೆ. ಕಾದರೆ ಕಾಯಲಿ. ಮೇಲ್ ಮುಗಿಯಿತು ಅಂತ ತಿಳಿಸುವ ಕೊನೆಯ ಚುಕ್ಕೆ ಕಳಿಸಿದ ನಂತರ ಉತ್ತರಕ್ಕೆ 10 ನಿಮಿಷ ಕಾಯಬೇಕು ಅಂತ ಅದೇ ಆರ್‌ಎಫ್‌ಸಿ ಕಳಿಸುವವರಿಗೆ ಹೇಳಿದೆ. ಬಿದ್ದರೆ ತಾನೇ ಏಳಲಿ ಅಂತ ಕ್ಲಾಮ್‌ಡಿ ಯೂನಿಟ್‌ಗೆ ‘ರೀಸ್ಟಾರ್ಟ್=ಆನ್-ಫೇಲ್ಯೂರ್’ ಹಾಕಿದೆ.

ಶುಕ್ರವಾರ

ಪರೀಕ್ಷೆ. ಇನ್ನೊಂದು ವಿಎಂನಲ್ಲಿ ‘ಸ್ಟ್ರೆಸ್-ಎನ್‌ಜಿ’ ಓಡಿಸಿ ಹೋಸ್ಟ್‌ನ ರ‍್ಯಾಮ್ ಮೇಲೆ ಒತ್ತಡ ಹಾಕಿದೆ. ಅದೇ ಹೊತ್ತಿಗೆ ಇಲ್ಲಿ ‘ಕ್ಲಾಮ್‌ಡಿಸ್ಕ್ಯಾನ್ --ರೀಲೋಡ್’ ಕೊಟ್ಟು, ಹೊರಗಿನಿಂದ ಒಂದು ಮೇಲ್ ಕಳಿಸಿದೆ. ‘ಟೋಟಲ್’ ಅಲುಗಲಿಲ್ಲ. ಮೇಲ್ ಸ್ವಲ್ಪ ತಡವಾಗಿ, ಆದರೆ ಒಂದೇ ಸಲಕ್ಕೆ ಬಂತು. ಕರ್ನಲ್ ಲಾಗ್‌ನಲ್ಲಿ ಊಮ್ ಸುದ್ದಿಯೇ ಇಲ್ಲ.

ಬಾಕಿ ಕೆಲಸ: ಕ್ಲಾಮ್‌ಡಿ ಸಾಕೆಟ್‌ಗೆ ಆಗಾಗ ‘ಪಿಂಗ್’ ಕಳಿಸಿ, ‘ಪಾಂಗ್’ ಬರದಿದ್ದರೆ ಎಚ್ಚರಿಸುವ ಸ್ಕ್ರಿಪ್ಟ್. ಎಚ್ಚರಿಕೆ ಈ ಸರ್ವರ್‌ನ ಮೂಲಕವೇ ಬರುವಂತಿರಬಾರದು, ಅದಕ್ಕೆ ಬೇರೆ ದಾರಿ ನೋಡುತ್ತಿದ್ದೇನೆ.