ಎಂಜಿನ್ ಇಳಿಸಬೇಕಂತೆ!

ತಿಪಟೂರಿಗೆ ಕೊಬ್ಬರಿ ಹೊರುವ ನಮ್ಮ ಹಳೇ ಡೀಸೆಲ್ ಪಿಕಪ್ ಈಚೆಗೆ ಟಕ ಟಕ ಅಂತಿತ್ತು. ನೋಡಿದವರೆಲ್ಲ ಹೇಳಿದ್ದು ಒಂದೇ, ಎಂಜಿನ್ ಇಳಿಸಿ, ಅಂದ್ರೆ ಗಾಡಿಯಿಂದ ಹೊರಗೆ ತೆಗೆದು ಬಿಚ್ಚಿ. ಮೆಕ್ಯಾನಿಕ್ ಅಣ್ಣ ಮಾತ್ರ ಬಾನೆಟ್ ಎತ್ತಿ ಸುಮ್ನೆ ಕೇಳಿಸಿಕೊಂಡರು. ಮೊದಲು ಬೆಲ್ಟ್ ಬಿಚ್ಚಿ ಸ್ವಲ್ಪ ಹೊತ್ತು ಓಡಿಸಿದರು, ಸದ್ದು ಹಾಗೇ ಇತ್ತು, ಅಂದ್ರೆ ಆ ಬೆಲ್ಟ್ ತಿರುಗಿಸುವ ವಾಟರ್ ಪಂಪೂ ಅಲ್ಲ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರೂ ಅಲ್ಲ. ಆಮೇಲೆ ಉದ್ದನೆಯ ಸ್ಕ್ರೂಡ್ರೈವರ್ ತುದಿ ಎಂಜಿನ್ನಿಗೆ, ಹಿಡಿ ಕಿವಿಗೆ. ಕೆಳಗೆ ಆಯಿಲ್ ನಿಲ್ಲುವ ಚೇಂಬರ್ ಹತ್ತಿರ ಏನೂ ಇಲ್ಲ, ಮೇಲೆ ವಾಲ್ವ್ ಇರುವ ಹೆಡ್ ಹತ್ತಿರ ಜೋರು. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಪೈಪಿನ ನಟ್ ಒಂದೊಂದಾಗಿ ಸಡಿಲಿಸಿದರೂ ಸದ್ದು ಬದಲಾಗಲಿಲ್ಲ. ಪಿಸ್ಟನ್ ರಾಡಿನ ಕೆಳತುದಿಯ ಬಿಗ್ ಎಂಡ್ ಬೇರಿಂಗ್ ಹೋಗಿದ್ದರೆ ಆ ಸಿಲಿಂಡರಿಗೆ ಡೀಸೆಲ್ ನಿಂತಾಗ ಬಡಿತ ತಗ್ಗುತ್ತದೆ, ಅಲ್ವಾ. ಟ್ಯಾಪೆಟ್ ಅಂದರು, ಅಂದ್ರೆ ವಾಲ್ವ್ ಒತ್ತುವ ಕಡೆ ಸಂದು ಜಾಸ್ತಿಯಾಗಿದೆ ಅಂತ. ಎಂಜಿನ್ ತಣ್ಣಗಾದ ಮೇಲೆ ಕವರ್ ಬಿಚ್ಚಿ, ಆ ಸಂದಿಗೆ ಅಳತೆಯ ತೆಳ್ಳನೆಯ ಗೇಜ್ ಪಟ್ಟಿ ತೂರಿಸಿ, ಅದು ಸ್ವಲ್ಪ ಹಿಡಿದು ಜಾರುವಷ್ಟು ಸ್ಕ್ರೂ ತಿರುಗಿಸಿ ನಟ್ ಬಿಗಿದರು. ಈಗಿನ ಗಾಡಿಗೆ ದೋಷ ಓದುವ ಸ್ಕ್ಯಾನರ್ ಸಿಕ್ಕಿಸುತ್ತಾರೆ, ನಮ್ಮದಕ್ಕೆ ಸಿಕ್ಕಿಸೋಕೆ ಜಾಗವೇ ಇಲ್ಲ. ಇಂಥ ಕಿವಿ ಇರುವವರು ಇರೋವರೆಗೆ ಮಾತ್ರ ಇದು ಓಡುತ್ತೇನೋ ಅನ್ನಿಸಿತು. ಕವರ್ ಪ್ಯಾಕಿಂಗ್ ಹೊಸದು ಹಾಕಿದ್ದಾರೆ, ಆಯಿಲ್ ಜಿನುಗಿದರೆ ಬಾ ಅಂದಿದ್ದಾರೆ. ಟ್ಯಾಪೆಟ್ ತೀರಾ ಟೈಟ್ ಮಾಡಿದರೆ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟು ಹೋಗುತ್ತದಂತೆ, ಹಾಗಾಗಿ ಸಣ್ಣ ಟಿಕ್ ಟಿಕ್ ಇದ್ದರೆ ಇರಲಿ ಬಿಡು ಅಂದರು.