ಗೋಳಗುಮ್ಮಟದಲ್ಲಿ ಹಾಡು ಕಲಿತವರು

ವಿಜಯಪುರಕ್ಕೆ ಹೋಗುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಗೋಳಗುಮ್ಮಟಕ್ಕೆ ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ. 'ನಾಷ್ಟಾ ಮುಗಿಸಿ ಆರಾಮ್ ಹೋಗ್ರಿ' ಎಂದು ನಾವು ಇಳಿದುಕೊಂಡಿದ್ದ ಲಾಡ್ಜಿನವರು ಹೇಳಿದ್ದರು. ಹೋದರೆ ಮೇಲೆಲ್ಲ ಶಾಲಾ ಪ್ರವಾಸದ ಮಕ್ಕಳು. ಕೂಗು, ಶಿಳ್ಳೆ, ಅದರ ಮೇಲೆ ಅದರದ್ದೇ ಪ್ರತಿಧ್ವನಿ. ಸದ್ದು ಕೇಳೋಕೆ ಅಂತಲೇ ಅಷ್ಟು ದೂರ ಬಂದವರಿಗೆ ಆ ದಿನ ದಂಡ. ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ.

ಜೊತೆಗಿದ್ದ ಗೆಳತಿ ಇದೇ ಊರಿನವರು. ಹಾಡು ಬರೆಯುತ್ತಾರೆ, ಸಿನಿಮಾ ನಾಟಕಗಳಿಗೆ ಸೌಂಡ್ ಡಿಸೈನ್, ಅಂದರೆ ಬೇಕಾದ ಸದ್ದುಗಳನ್ನು ಹೊಂದಿಸುವ ಕೆಲಸ, ಮಾಡುತ್ತಾರೆ. ಅವರ ಹಾಡಿನ ಸಾಲುಗಳ ನಡುವೆ ತುಂಬ ಬಿಡುವು ಇರುತ್ತದೆ. ಆ ಬಿಡುವು ಎಲ್ಲಿಂದ ಬಂತು ಅಂತ ಮರುದಿನ ಗೊತ್ತಾಯಿತು.

ಅವತ್ತು ಬೇಗ ಹೋದೆವು. ಮೂಲೆಯ ಗೋಪುರದ ಇಕ್ಕಟ್ಟಾದ ಮೆಟ್ಟಿಲು ಹತ್ತಿ ಗುಮ್ಮಟದ ಒಳಸುತ್ತಿನ ಗ್ಯಾಲರಿಗೆ ಬಂದರೆ ಯಾರೂ ಇಲ್ಲ. ಅವರು ಒಂದು ಕಡೆ ಕೂತರು, ನಾನು ಸುತ್ತು ಹಾಕಿ ಎದುರು ಬದಿಗೆ ಹೋದೆ. ನಡುವೆ ಸುಮಾರು 38 ಮೀಟರ್ ಖಾಲಿ ಜಾಗ. ತುಂಬ ಕೆಳಗೆ ಇಲ್ಲಿನ ಸುಲ್ತಾನನಾಗಿದ್ದ ಮುಹಮ್ಮದ್ ಆದಿಲ್ ಶಾಹನ ಸಮಾಧಿ. ಅವರು ಗೋಡೆಯ ಕಡೆ ಮುಖ ಮಾಡಿ ಪಿಸುಗುಟ್ಟಿದರು: 'ಕೇಳಸ್ತೈತೇನ್ರಿ?' ನನ್ನ ಕಿವಿಯ ಪಕ್ಕದಲ್ಲೇ ಅಂದಂತಿತ್ತು! ಮೈ ಜುಮ್ಮೆಂದಿತು. ದುಂಡು ಗೋಡೆಯನ್ನೇ ಹಿಡಿದುಕೊಂಡು ಸದ್ದು ಬರುತ್ತದೆ, ಅದಕ್ಕೇ ಚದುರುವುದಿಲ್ಲ.

ಆಮೇಲೆ ಪುಟ್ಟ ರೆಕಾರ್ಡರ್ ಆನ್ ಮಾಡಿ ಒಂದೇ ಒಂದು ಚಪ್ಪಾಳೆ ಹೊಡೆದರು. ಅದು ಮತ್ತೆ ಮತ್ತೆ ತಿರುಗಿ ಬಂತು. ಪೂರ್ತಿ ಅಡಗುವವರೆಗೂ ಅವರು ಮಿಸುಕಲಿಲ್ಲ. ಇದಕ್ಕೆ ಇಂಪಲ್ಸ್ ರೆಸ್ಪಾನ್ಸ್ ಅಂತಾರಂತೆ. ಒಂದು ಚಿಕ್ಕ ಸದ್ದಿಗೆ ಆ ಜಾಗ ಕೊಡುವ ಉತ್ತರ. ಅದನ್ನು ಹಿಡಿದಿಟ್ಟುಕೊಂಡರೆ ಸ್ಟುಡಿಯೋದಲ್ಲಿ ಹಾಡಿದ ದನಿಯನ್ನೂ ಇದೇ ಗುಮ್ಮಟದೊಳಗೆ ಹಾಡಿದ ಹಾಗೆ ಕೇಳಿಸಬಹುದು.

'ಸಣ್ಣಾಕಿ ಇದ್ದಾಗ ಇಲ್ಲಿ ಬಂದು ಹಾಡ್ತಿದ್ನಿ. ಜಲ್ದಿ ಹಾಡಿದ್ರ ಒಂದರ ಮ್ಯಾಲ ಒಂದು ಬಿದ್ದು ಎಲ್ಲಾ ಕಲಸಿ ಹೋಗ್ತಿತ್ತು.'

'ಮತ್ತೆ ಏನು ಮಾಡಿದ್ರಿ?'

'ಕಾಯೂದು. ಒಂದು ಸಾಲು ಹಾಡೂದು, ಅದು ತಿರುಗಿ ಬಂದು ಮುಗಿಯೂತನಾ ಸುಮ್ನಿರೂದು. ಅದಕ್ಕ ಸಣ್ಣ ಸಣ್ಣ ಸಾಲು ಬರಿಯಾಕ ಕಲತ್ನಿ. ಕ, ಟ, ತ ಎಲ್ಲಾ ಇಲ್ಲಿ ಅಳಿಸಿ ಹೋಗ್ತಾವ್ರಿ. ಆ, ಓ ಇದ್ದ ಮಾತು ಉಳಿತಾವ. ಅಂಥಾ ಮಾತು ಹುಡುಕತಿದ್ನಿ.'

'ಈಗ ಸ್ಟುಡಿಯೋದಲ್ಲಿ ಕೂತು ಬರೆಯುವಾಗ?'

'ಈಗೂ ಹಂಗರಿ. ಕಾದ ಮ್ಯಾಲನ ಮುಂದಿನ ಸಾಲು.'

ಬಾರಾ ಕಮಾನ್, ಮಲಿಕ್-ಎ-ಮೈದಾನ್ ತೋಪು ಎಲ್ಲ ನೋಡಿದೆವು. ನನಗೆ ಅವುಗಳಿಗಿಂತ ಜಾಸ್ತಿ ಹಿಡಿಸಿದ್ದು ತೊರವಿ ಬಳಿಯ ಸಂಗೀತ ಮಹಲ್. 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾಹ ಸ್ವತಃ ಹಾಡು ಕಟ್ಟುತ್ತಿದ್ದ. ಅವನ ಹಾಡುಗಳ ಪುಸ್ತಕ 'ಕಿತಾಬ್-ಎ-ನವರಸ್' ಶುರುವಾಗುವುದೇ ಸರಸ್ವತಿಯ ಸ್ತುತಿಯಿಂದ. ತನ್ನ ತಂಬೂರಿಗೆ ಮೋತಿ ಖಾನ್ ಅಂತ ಹೆಸರಿಟ್ಟಿದ್ದ. ಈ ಮಹಲ್ ಇರುವುದು ಅವನು ಕಟ್ಟಲು ಹೊರಟ ನವರಸಪುರ ಅನ್ನುವ ಊರಿನಲ್ಲಿ, ಅದು ಈಗ ಪಾಳು. ಗುಮ್ಮಟ ನೋಡಿ ಬಸ್ಸು ಹತ್ತುವವರು ಇಲ್ಲಿಗೂ ಬರಬೇಕು.

ಗೆಳತಿ ಮುರಿದ ಗೋಡೆಗಳ ನಡುವೆ ನಿಂತು ಒಂದು ಸಾಲು ಹಾಡಿದರು. ದನಿ ಬಯಲಿಗೆ ಹೋಯಿತು, ತಿರುಗಿ ಬರಲಿಲ್ಲ. 'ಇಲ್ಲಿ ಕಾಯೂ ಕೆಲಸಿಲ್ಲ ನೋಡ್ರಿ' ಎಂದು ನಕ್ಕು, ಅಲ್ಲೇ ಚುರುಕಾದೊಂದು ಪಲ್ಲವಿ ಕಟ್ಟಿ ಫೋನಿಗೆ ಹಾಡಿಟ್ಟುಕೊಂಡರು.